ಬೆಳಿಗ್ಗೆ ಹೋಗಿ ರಾತ್ರಿ ಮರಳುವ ಹಕ್ಕು

ಯುರೋಪಿಗೆ ಹೋಗಿ ಬಂದವರ ಬಾಯಲ್ಲಿ ಒಂದು ಮಾತು ಆಗಾಗ ಕೇಳಿಬರುತ್ತದೆ. 'ವಿಯೆನ್ನಾದಲ್ಲಿ ನಾಲ್ಕು ದಿನ ಇದ್ದೆವು, ಮಧ್ಯೆ ಒಂದು ದಿನ ರೈಲು ಹತ್ತಿ ಸ್ಲೋವಾಕಿಯಾವನ್ನೂ ಮುಗಿಸಿಕೊಂಡು ಬಂದೆವು.' ಒಂದು ದೇಶವನ್ನು 'ಮುಗಿಸಿಕೊಂಡು ಬರುವುದು' ಎಂಬ ಮಾತು ಕಿವಿಗೆ ಬಿದ್ದ ಕೂಡಲೇ ನಮ್ಮ ಸಾಹಿತಿ ಮಿತ್ರರು ಮೂಗು ಮುರಿಯುತ್ತಾರೆ. ಬೆಳಿಗ್ಗೆ ಒಂಬತ್ತಕ್ಕೆ ಇಳಿದು, ಕೋಟೆಯ ಮುಂದೆ ನಿಂತು ಫೋಟೋ ಹೊಡೆಸಿಕೊಂಡು, ಸಂಜೆ ಏಳಕ್ಕೆ ಮರಳಿ ರೈಲು ಹತ್ತುವವನು ಏನು ನೋಡಿಯಾನು? ಅವನು ಪ್ರವಾಸಿಯೂ ಅಲ್ಲ, ಯಾತ್ರಿಕನೂ ಅಲ್ಲ, ಬರಿಯ ಗಿರಾಕಿ ಎನ್ನುವುದು ಅವರ ವಾದ. ಜಾಗತೀಕರಣವನ್ನು ಬಯ್ಯಲು ಉದಾಹರಣೆ ಹುಡುಕುವವರಿಗೆ ಈ ಒಂದು ದಿನದ ಪ್ರವಾಸಿಯಷ್ಟು ಸುಲಭಕ್ಕೆ ಸಿಗುವವನು ಇನ್ನೊಬ್ಬನಿಲ್ಲ.

ಈ ವಾದವನ್ನು ನಾವು ಒಪ್ಪುವುದಿಲ್ಲ. ಪರದೇಶದ ರಾಜಧಾನಿಯೊಂದಕ್ಕೆ ಬೆಳಿಗ್ಗೆ ರೈಲಿನಲ್ಲಿ ಹೋಗಿ, ಬೀದಿ ಸುತ್ತಿ, ಏನಾದರೂ ತಿಂದು, ರಾತ್ರಿ ತನ್ನ ಹಾಸಿಗೆಗೆ ಮರಳುವುದು ಕ್ಷುಲ್ಲಕ ಸಂಗತಿಯಲ್ಲ. ಮನುಷ್ಯ ಬಹಳ ಕಷ್ಟಪಟ್ಟು, ರಕ್ತ ಸುರಿಸಿ ಗಳಿಸಿಕೊಂಡ ಸ್ವಾತಂತ್ರ್ಯಗಳಲ್ಲಿ ಅದೂ ಒಂದು. ಅಲ್ಲಿ ಹೋದವನು ಎಷ್ಟು ನೋಡಿದ ಎಂಬುದಕ್ಕಿಂತ ದೊಡ್ಡ ಪ್ರಶ್ನೆಯೊಂದಿದೆ: ಹಾಗೆ ಹೋಗಿ ಬರಲು ಯಾರಿಗೆ ಸಾಧ್ಯ, ಯಾರಿಗೆ ಸಾಧ್ಯವಿಲ್ಲ? ಇದನ್ನು ಕೇಳದೆ ಪ್ರವಾಸಿಯ ಆಳ ಅಗಲಗಳನ್ನು ಅಳೆಯುತ್ತ ಕೂರುವುದು ಹೊಟ್ಟೆ ತುಂಬಿದವರ ವಿಮರ್ಶೆ.

ವಿಯೆನ್ನಾ ಆಸ್ಟ್ರಿಯಾದ ರಾಜಧಾನಿ, ಬ್ರಾಟಿಸ್ಲಾವಾ ಸ್ಲೋವಾಕಿಯಾದ ರಾಜಧಾನಿ. ಎರಡರ ನಡುವೆ ಇರುವುದು ಸುಮಾರು 55 ಕಿಲೋಮೀಟರ್. ಎರಡೂ ಡ್ಯಾನ್ಯೂಬ್ ನದಿಯ ದಂಡೆಯ ಊರುಗಳು. ವಿಯೆನ್ನಾದ ಮುಖ್ಯ ನಿಲ್ದಾಣದಿಂದ ಹೊರಟ ರೈಲು ಸುಮಾರು ಒಂದು ಗಂಟೆಯಲ್ಲಿ ಬ್ರಾಟಿಸ್ಲಾವಾ ಮುಟ್ಟುತ್ತದೆ. ಹೋಗಿ ಬರುವುದಕ್ಕೆಂದೇ ಅಗ್ಗದ ಟಿಕೆಟ್ ಇದೆ. ಅದೇ ಟಿಕೆಟ್ಟಿನಲ್ಲಿ ಆ ಊರಿನ ಬಸ್ಸು, ಟ್ರಾಮುಗಳನ್ನೂ ಹತ್ತಬಹುದು. ಬಯಲು, ಗೋಧಿ ಹೊಲ, ಗಾಳಿಯಂತ್ರಗಳು ಕಿಟಕಿಯಲ್ಲಿ ಸರಿದುಹೋಗುತ್ತವೆ. ಗಡಿ ಬಂದದ್ದು ಗೊತ್ತಾಗುವುದು ಕಿಸೆಯಲ್ಲಿನ ಮೊಬೈಲು ಒಮ್ಮೆ ಗುಂಯ್ ಎಂದು, ಬೇರೆ ದೇಶದ ಕಂಪೆನಿ ಸ್ವಾಗತ ಕೋರಿದಾಗ. ಅದರಾಚೆ ನಿಲ್ದಾಣದ ಫಲಕಗಳ ಭಾಷೆ ಬದಲಾಗಿರುತ್ತದೆ, ಅಷ್ಟೆ.

ಈ ರೈಲಿನಲ್ಲಿ ಕ್ಯಾಮೆರಾ ನೇತುಹಾಕಿಕೊಂಡವರು ಮಾತ್ರ ಇರುತ್ತಾರೆಂದು ತಿಳಿಯಬೇಡಿ. ಆಸ್ಟ್ರಿಯಾದ ಮುದುಕರನ್ನು ಅವರವರ ಮನೆಗಳಲ್ಲಿ ನೋಡಿಕೊಳ್ಳುವ ಕೆಲಸಕ್ಕೆ ಸ್ಲೋವಾಕಿಯಾದ ಹೆಂಗಸರು ವರ್ಷಗಟ್ಟಲೆಯಿಂದ ಗಡಿ ದಾಟುತ್ತಿದ್ದಾರೆ. ಬ್ರಾಟಿಸ್ಲಾವಾದಲ್ಲಿ ಮನೆಯ ಬೆಲೆ ಏರಿದಾಗ ಅಲ್ಲಿನ ಎಷ್ಟೋ ಕುಟುಂಬಗಳು ಆಸ್ಟ್ರಿಯಾದ ಗಡಿಹಳ್ಳಿಗಳಲ್ಲಿ ಮನೆ ಮಾಡಿ, ದಿನವೂ ತಮ್ಮದೇ ರಾಜಧಾನಿಗೆ ಪರದೇಶದಿಂದ ಕೆಲಸಕ್ಕೆ ಬರತೊಡಗಿದವು. ಒಂದು ದಿನ ರಜೆ ಸಿಕ್ಕ ಕೂಲಿಕಾರನಿಗೆ, ಮಕ್ಕಳನ್ನು ಕಟ್ಟಿಕೊಂಡ ತಾಯಿಗೆ, ಹಾಸ್ಟೆಲಿನ ವಿದ್ಯಾರ್ಥಿಗೆ ಇರುವುದು ಒಂದೇ ದಿನ. ಅವರ ಆ ದಿನವನ್ನು ಗೇಲಿ ಮಾಡುವವರು ತಿಂಗಳುಗಟ್ಟಲೆ ರಜೆ, ಫೆಲೋಶಿಪ್ಪು, ಆತಿಥ್ಯ ಎಲ್ಲವೂ ಉಳ್ಳವರು ಎಂಬುದನ್ನು ಮರೆಯಬಾರದು.

ಇನ್ನು ಒಂದು ದಿನದಲ್ಲಿ ಏನೂ ಕಾಣುವುದಿಲ್ಲ ಎಂಬ ಮಾತು. ಬ್ರಾಟಿಸ್ಲಾವಾದ ಹಳೆಯ ಪೇಟೆ ಅರ್ಧ ಗಂಟೆಯಲ್ಲಿ ನಡೆದು ಮುಗಿಯುವಷ್ಟು ಚಿಕ್ಕದು. ಎಲ್ಲರೂ ಫೋಟೋ ತೆಗೆಸಿಕೊಳ್ಳುವ, ಮ್ಯಾನ್‌ಹೋಲಿನಿಂದ ತಲೆ ಹೊರಗೆ ಹಾಕಿ ಇಣುಕುವ ಚುಮಿಲ್ ಎಂಬ ಕಂಚಿನ ಕೆಲಸಗಾರ ಅಲ್ಲೇ ಇದ್ದಾನೆ. 1997ರಲ್ಲಿ ಕೂರಿಸಿದ ವಿಗ್ರಹ ಅದು. ಅಲ್ಲಿಂದ ಹತ್ತು ನಿಮಿಷದಲ್ಲಿ ಸೇಂಟ್ ಮಾರ್ಟಿನ್ ಚರ್ಚು. 1563ರಿಂದ 1830ರವರೆಗೆ ಹಂಗೇರಿಯ ರಾಜರಿಗೆ ಕಿರೀಟ ತೊಡಿಸಿದ ಜಾಗ. ಮರಿಯಾ ತೆರೇಸಾಳ ಪಟ್ಟಾಭಿಷೇಕ 1741ರಲ್ಲಿ ನಡೆದದ್ದೂ ಇಲ್ಲೇ. ಆಗ ಈ ಊರನ್ನು ಜರ್ಮನರು ಪ್ರೆಸ್‌ಬುರ್ಗ್ ಎನ್ನುತ್ತಿದ್ದರು, ಹಂಗೇರಿಯನ್ನರು ಪೊಜೋನ್ ಎನ್ನುತ್ತಿದ್ದರು. ಬ್ರಾಟಿಸ್ಲಾವಾ ಎಂಬ ಹೆಸರು ಅಧಿಕೃತವಾದದ್ದು 1919ರಲ್ಲಿ. ಒಂದೇ ಊರಿಗೆ ಮೂರು ಭಾಷೆಯಲ್ಲಿ ಮೂರು ಹೆಸರು, ಮೂರೂ ಜನ ತಮ್ಮದೇ ಊರೆಂದು ಬಾಳಿದ್ದು. ಇದು ನಮಗೆ ಅರ್ಥವಾಗದ ಸಂಗತಿಯೇನಲ್ಲ.

ಆ ಚರ್ಚಿನ ಗೋಡೆಯ ಪಕ್ಕದಲ್ಲೇ ಭರ್ರನೆ ವಾಹನಗಳು ಓಡುವ ಹೆದ್ದಾರಿಯೊಂದಿದೆ. ಅದು ಡ್ಯಾನ್ಯೂಬ್ ಮೇಲಿನ ಹೊಸ ಸೇತುವೆಗೆ ಹೋಗುವ ರಸ್ತೆ. ಸೇತುವೆಯ ಕಂಬದ ತುದಿಯಲ್ಲಿ ಹಾರುವ ತಟ್ಟೆಯ ಆಕಾರದ ಹೋಟೆಲೊಂದಿದ್ದು, ಪ್ರವಾಸಿಗಳು ದುಡ್ಡು ಕೊಟ್ಟು ಹತ್ತಿ ಊರು ನೋಡುತ್ತಾರೆ. 1967ರಿಂದ 1972ರವರೆಗೆ ಆ ಸೇತುವೆ ಕಟ್ಟುವಾಗ ಕೋಟೆಯ ಕೆಳಗಿನ ಯಹೂದಿ ಕೇರಿಯ ಬಹುಭಾಗವನ್ನು ನೆಲಸಮ ಮಾಡಿದರು. ಚರ್ಚಿನ ಮಗ್ಗುಲಲ್ಲೇ ಎರಡು ಗೋಪುರ ಎತ್ತಿ ನಿಂತಿದ್ದ, ಸ್ಪೇನಿನ ಮುಸ್ಲಿಮರ ವಾಸ್ತುಶೈಲಿಯ ಛಾಯೆಯಿದ್ದ ಸಿನಗಾಗ್ 1969ರಲ್ಲಿ ಕೆಡವಲ್ಪಟ್ಟಿತು. ಅದು ಇದ್ದ ಜಾಗದಲ್ಲಿ ಈಗ ಕಪ್ಪು ಕಲ್ಲಿನ ಗೋಡೆಯ ಮೇಲೆ ಅದರ ನೆರಳುಚಿತ್ರ ಮಾತ್ರ ಇದೆ. ಅದಕ್ಕೂ ಮೊದಲೇ, 1942ರ ಮಾರ್ಚ್‌ನಿಂದ ಅಕ್ಟೋಬರ್‌ವರೆಗೆ, ನಾಜಿಗಳ ಜೊತೆ ಕೈಜೋಡಿಸಿದ್ದ ಸ್ಲೋವಾಕ್ ಸರಕಾರ ತನ್ನದೇ ಪ್ರಜೆಗಳಾದ ಸುಮಾರು 58,000 ಯಹೂದಿಗಳನ್ನು ಸಾವಿನ ಶಿಬಿರಗಳಿಗೆ ಕಳಿಸಿತ್ತು. ಒಬ್ಬೊಬ್ಬರಿಗೆ ಇಷ್ಟೆಂದು ಜರ್ಮನಿಗೆ ಹಣವನ್ನೂ ಕಟ್ಟಿತ್ತು. ಅವರನ್ನು ಒಯ್ದದ್ದೂ ರೈಲುಗಳೇ. ಆ ರೈಲುಗಳಿಗೆ ಹೋಗಿ ಬರುವ ಟಿಕೆಟ್ ಇರಲಿಲ್ಲ.

ಇಷ್ಟನ್ನು ನೋಡಲು, ನೋಡಿ ನಡುಗಲು ಒಂದು ದಿನ ಧಾರಾಳ ಸಾಕು. ಬಹುಸಂಖ್ಯಾತರ ಸರಕಾರ, ಅಭಿವೃದ್ಧಿಯ ರಸ್ತೆ ಮತ್ತು ಮರೆವು ಈ ಮೂರೂ ಸೇರಿದರೆ ಒಂದು ಸಮುದಾಯ ಕಲ್ಲಿನ ಮೇಲಿನ ಗೀರಾಗಿ ಉಳಿಯುತ್ತದೆಂಬ ಪಾಠವನ್ನು ಆ ಊರು ಬೀದಿಯಲ್ಲೇ ಇಟ್ಟಿದೆ. ವರ್ಷಗಟ್ಟಲೆ ಅಲ್ಲೇ ಇದ್ದು ಕಾಣದವರೂ ಇದ್ದಾರು. ಕಾಣುವುದು ಬಿಡುವುದು ದಿನಗಳ ಎಣಿಕೆಗೆ ಸಂಬಂಧಿಸಿದ್ದಲ್ಲ.

ಮತ್ತೆ ರೈಲಿಗೆ ಬರೋಣ. ಈ ಎರಡು ಊರುಗಳ ನಡುವೆ 1914ರಲ್ಲಿಯೇ ವಿದ್ಯುತ್ ರೈಲು ಓಡತೊಡಗಿತ್ತು. ಒಂದು ತುದಿಯಲ್ಲಿ ವಿಯೆನ್ನಾದ ಪೇಟೆ, ಇನ್ನೊಂದು ತುದಿಯಲ್ಲಿ ಪ್ರೆಸ್‌ಬುರ್ಗ್ ಪೇಟೆ. ಆಗ ಎರಡೂ ಒಂದೇ ಸಾಮ್ರಾಜ್ಯದೊಳಗಿನ ಊರುಗಳು. ಸಾಮ್ರಾಜ್ಯ ಒಡೆಯಿತು, ಗಡಿ ಬಂತು, ಎರಡನೆಯ ಮಹಾಯುದ್ಧ ಬಂತು. 1948ರಲ್ಲಿ ಜೆಕೊಸ್ಲೊವಾಕಿಯಾದಲ್ಲಿ ಕಮ್ಯುನಿಸ್ಟ್ ಆಡಳಿತ ಬಂದ ಬಳಿಕ ಆ ಗಡಿ ಮುಳ್ಳುತಂತಿಯಾಯಿತು, ಕಾವಲುಗೋಪುರವಾಯಿತು, ಬಂದೂಕವಾಯಿತು. ದೇಶ ಬಿಟ್ಟು ಹೊರಡಲು ಸರಕಾರದ ನಿರ್ಗಮನ ಪರವಾನಗಿ ಬೇಕಿತ್ತು. ಬ್ರಾಟಿಸ್ಲಾವಾದ ಅಂಚಿನಲ್ಲಿ ಮೊರಾವಾ ನದಿ ಡ್ಯಾನ್ಯೂಬನ್ನು ಸೇರುವ ಡೆವಿನ್ ಎಂಬ ಜಾಗವಿದೆ. ಎದುರು ದಂಡೆ ಆಸ್ಟ್ರಿಯಾ. ಕೂಗಿದರೆ ಕೇಳಿಸುವಷ್ಟು ಹತ್ತಿರ. ಗಡಿ ದಾಟಲು ಹೋಗಿ ಪ್ರಾಣ ಕಳೆದುಕೊಂಡ 400 ಮಂದಿಯ ನೆನಪಿಗೆ ಅಲ್ಲಿ ಸ್ಮಾರಕವೊಂದನ್ನು ನಿಲ್ಲಿಸಿದ್ದಾರೆ.

1989ರ ನವೆಂಬರಿನಲ್ಲಿ ಆ ಆಡಳಿತ ಕುಸಿಯಿತು. ಡಿಸೆಂಬರ್ 10ರಂದು ಬ್ರಾಟಿಸ್ಲಾವಾದ ಜನ ಗುಂಪುಗುಂಪಾಗಿ ಗಡಿ ದಾಟಿ ಆಸ್ಟ್ರಿಯಾದ ಹೈನ್‌ಬುರ್ಗ್ ಊರಿನತ್ತ ಕಾಲ್ನಡಿಗೆಯಲ್ಲಿ ಹೊರಟರು. ಒಂದು ಲಕ್ಷಕ್ಕೂ ಹೆಚ್ಚು ಜನ ನಡೆದರೆನ್ನುತ್ತಾರೆ. ಈ ಘಟನೆಯಲ್ಲಿ ನಮ್ಮನ್ನು ಹಿಡಿದು ನಿಲ್ಲಿಸುವುದು ಒಂದೇ ಅಂಶ. ಅವರು ಓಡಿಹೋಗಲಿಲ್ಲ. ನಾಲ್ಕು ದಶಕ ಮುಚ್ಚಿದ್ದ ಬಾಗಿಲು ತೆರೆದಾಗ ಆ ಜನ ಆಚೆ ದಂಡೆಯನ್ನು ನೋಡಿ, ಅಲ್ಲಿಯವರ ಕೈ ಕುಲುಕಿ, ಸಂಜೆಗೆ ತಮ್ಮ ಮನೆಗಳಿಗೆ ಮರಳಿದರು. ಅವರಿಗೆ ಬೇಕಿದ್ದದ್ದು ಇನ್ನೊಂದು ದೇಶವಲ್ಲ, ಹೋಗಿ ಬರುವ ಸ್ವಾತಂತ್ರ್ಯ. ಆ ಡಿಸೆಂಬರಿನ ನಡಿಗೆಯನ್ನು ಕ್ಷುಲ್ಲಕ ಎನ್ನುವ ಧೈರ್ಯ ನಮ್ಮ ಮಿತ್ರರಿಗೆ ಇದೆಯೆ?

ಆಮೇಲಿನದು ನಿಧಾನವಾಗಿ ಆಯಿತು. ಯುದ್ಧದ ಕಾಲದಲ್ಲಿ ಕಡಿದುಹೋಗಿದ್ದ ಪೆಟ್ರ್‌ಜಾಲ್ಕಾ ಕಡೆಯ ರೈಲುಹಳಿಯನ್ನು 1998ರಲ್ಲಿ ಮತ್ತೆ ಜೋಡಿಸಿದರು. 2004ರಲ್ಲಿ ಸ್ಲೋವಾಕಿಯಾ ಯುರೋಪಿಯನ್ ಒಕ್ಕೂಟ ಸೇರಿತು. 2007ರ ಡಿಸೆಂಬರ್ 21ರಂದು ಷೆಂಗೆನ್ ಒಪ್ಪಂದ ಜಾರಿಗೆ ಬಂದು ಗಡಿಯ ತಪಾಸಣೆಯೂ ಹೋಯಿತು. 2009ರಲ್ಲಿ ಎರಡೂ ಕಡೆ ಒಂದೇ ನಾಣ್ಯವಾಯಿತು. ಇಂದು ಐಸ್‌ಕ್ರೀಮ್ ತಿನ್ನುತ್ತ ಆ ಗಡಿ ದಾಟುವ ಮಗುವಿಗೆ ಇದಾವುದೂ ಗೊತ್ತಿರಬೇಕಾಗಿಲ್ಲ. ಅದಕ್ಕೆ ಗೊತ್ತಿಲ್ಲದಿರುವುದೇ ಈ ಇಡೀ ಹೋರಾಟದ ಗೆಲುವು.

ಆದರೆ ಯುರೋಪನ್ನು ಹೊಗಳಿ ಇಲ್ಲಿಗೇ ನಿಲ್ಲಿಸಿದರೆ ನಾವು ಅರ್ಧ ಸತ್ಯ ಹೇಳಿದಂತೆ. ಪೆಟ್ರ್‌ಜಾಲ್ಕಾಗೆ ಹೋಗುವ ಹಳಿ ಪಾರ್ನ್‌ಡಾರ್ಫ್ ಎಂಬ ಊರಿನ ಮೇಲೆ ಹಾದುಹೋಗುತ್ತದೆ. ಆ ಊರಿನ ಬಳಿಯ ಹೆದ್ದಾರಿಯಲ್ಲಿ 2015ರ ಆಗಸ್ಟ್ 27ರಂದು, ಕೋಳಿಮಾಂಸ ಸಾಗಿಸಲು ಬಳಸುತ್ತಿದ್ದ ಶೀತಲ ಲಾರಿಯೊಂದು ಬಿಟ್ಟುಹೋದ ಸ್ಥಿತಿಯಲ್ಲಿ ಸಿಕ್ಕಿತು. ಒಳಗೆ 71 ಹೆಣಗಳು. 59 ಗಂಡಸರು, 8 ಹೆಂಗಸರು, 4 ಮಕ್ಕಳು. ಸಿರಿಯಾ, ಇರಾಕ್, ಅಫ್ಘಾನಿಸ್ತಾನಗಳ ಯುದ್ಧಗಳಿಂದ ತಪ್ಪಿಸಿಕೊಂಡು ಬಂದವರೇ ಅವರಲ್ಲಿ ಹೆಚ್ಚು. ಹಂಗೇರಿಯ ಕಡೆಯಿಂದ ಆಸ್ಟ್ರಿಯಾಕ್ಕೆ ಅವರನ್ನು ಕಳ್ಳಸಾಗಣೆ ಮಾಡಿದವರು ಗಾಳಿಯಾಡದ ಪೆಟ್ಟಿಗೆಯಲ್ಲಿ ತುಂಬಿ ಬಾಗಿಲು ಮುಚ್ಚಿದ್ದರು. ಅದೇ ದಿನ ವಿಯೆನ್ನಾದಲ್ಲಿ ಯುರೋಪಿನ ನಾಯಕರು ವಲಸೆಯ ಬಗ್ಗೆ ಚರ್ಚಿಸಲು ಸಭೆ ಸೇರಿದ್ದರು. ಹಳಿಯ ಮೇಲೆ ರೈಲುಗಳು ಓಡುತ್ತಲೇ ಇದ್ದವು.

ಆ 71 ಮಂದಿಗೂ ರೈಲಿನ ಪ್ರವಾಸಿಗೂ ನಡುವೆ ಇದ್ದ ವ್ಯತ್ಯಾಸವೇನು? ದುಡ್ಡಲ್ಲ. ಕಳ್ಳಸಾಗಣೆದಾರರಿಗೆ ಅವರು ತೆತ್ತ ಹಣ ರೈಲಿನ ಟಿಕೆಟ್ಟಿಗಿಂತ ಎಷ್ಟೋ ಪಟ್ಟು ಹೆಚ್ಚು. ವ್ಯತ್ಯಾಸವಿದ್ದದ್ದು ಕಿಸೆಯಲ್ಲಿನ ಒಂದು ಸಣ್ಣ ಪುಸ್ತಕದಲ್ಲಿ, ಮತ್ತು ಸಂಜೆ ಮರಳಲು ಮನೆಯೊಂದು ಉಳಿದಿದೆಯೇ ಎಂಬುದರಲ್ಲಿ. ಬೆಳಿಗ್ಗೆ ಹೋಗಿ ರಾತ್ರಿ ಮರಳಬಲ್ಲವನನ್ನು ಜಗತ್ತು ಪ್ರವಾಸಿ ಎನ್ನುತ್ತದೆ. ಮರಳಲಾರದವನನ್ನು ನಿರಾಶ್ರಿತ ಎನ್ನುತ್ತದೆ, ಇಲ್ಲವೇ ನುಸುಳುಕೋರ ಎನ್ನುತ್ತದೆ.

ಅದೇ ತಿಂಗಳು ಸ್ಲೋವಾಕಿಯಾದ ಗೃಹ ಇಲಾಖೆ ಸಿರಿಯಾದ ನಿರಾಶ್ರಿತರಲ್ಲಿ ಕ್ರೈಸ್ತರನ್ನು ಮಾತ್ರ ಸೇರಿಸಿಕೊಳ್ಳುತ್ತೇವೆಂದು ಹೇಳಿತು. ನಮ್ಮಲ್ಲಿ ಮಸೀದಿಗಳಿಲ್ಲ, ಮುಸ್ಲಿಮರಿಗೆ ಇಲ್ಲಿ ಹಿಡಿಸುವುದಿಲ್ಲ ಎಂಬುದು ಕೊಟ್ಟ ಕಾರಣ. ಮಸೀದಿ ಇಲ್ಲದಿರುವುದು ನಮ್ಮ ಹೊಣೆ ಎನ್ನದೆ, ಅದನ್ನೇ ಬಾಗಿಲು ಮುಚ್ಚಲು ನೆಪ ಮಾಡಿಕೊಂಡ ಜಾಣತನವನ್ನು ಗಮನಿಸಿ. ನಿರಾಶ್ರಿತರನ್ನು ಸದಸ್ಯ ದೇಶಗಳು ಹಂಚಿಕೊಳ್ಳಬೇಕೆಂಬ ಯುರೋಪಿಯನ್ ಒಕ್ಕೂಟದ ತೀರ್ಮಾನದ ವಿರುದ್ಧ ಸ್ಲೋವಾಕಿಯಾ, ಹಂಗೇರಿಗಳು ಕೋರ್ಟಿಗೂ ಹೋದವು. 2017ರ ಸೆಪ್ಟೆಂಬರಿನಲ್ಲಿ ಸೋತವು. 1956ರಲ್ಲಿ ಹಂಗೇರಿಯಿಂದ, 1968ರಲ್ಲಿ ಜೆಕೊಸ್ಲೊವಾಕಿಯಾದಿಂದ ಸೋವಿಯತ್ ಟ್ಯಾಂಕುಗಳಿಗೆ ಹೆದರಿ ಹೊರಟ ಸಾವಿರಾರು ಜನ ಇದೇ ಆಸ್ಟ್ರಿಯಾದ ಗಡಿ ದಾಟಿದ್ದರು. ಆಗ ಅವರನ್ನು ಒಳಗೆ ಬಿಟ್ಟುಕೊಂಡವರು ಯಾರೂ ಅವರ ಪ್ರಾರ್ಥನೆಯ ಭಾಷೆ ಕೇಳಿರಲಿಲ್ಲ. ತಂತಿಯ ಹಿಂದೆ ನಾಲ್ಕು ದಶಕ ಕಳೆದವರೇ ಇನ್ನೊಬ್ಬರಿಗೆ ತಂತಿ ಬಿಗಿಯಲು ಹೊರಟರೆ ಅದಕ್ಕೆ ಏನೆನ್ನಬೇಕು?

ನಮ್ಮ ಕಿಸೆಯ ಪುಸ್ತಕದ ಕಥೆಯನ್ನೂ ಹೇಳಬೇಕು. ಭಾರತದ ಪಾಸ್‌ಪೋರ್ಟ್ ಹಿಡಿದವನು ಆ ಒಂದು ಗಂಟೆಯ ರೈಲು ಹತ್ತಬೇಕಾದರೆ ತಿಂಗಳುಗಳ ಹಿಂದೆ ಷೆಂಗೆನ್ ವೀಸಾದ ಸಾಲಿನಲ್ಲಿ ನಿಂತಿರಬೇಕು. ಬ್ಯಾಂಕಿನ ಲೆಕ್ಕ, ತೆರಿಗೆಯ ಕಾಗದ, ವಿಮೆ, ಹೋಟೆಲಿನ ಕಾದಿರಿಸುವಿಕೆ, ಮರಳುವ ಟಿಕೆಟ್ ಎಲ್ಲವನ್ನೂ ಒಪ್ಪಿಸಿ ತಾನು ಖಂಡಿತ ಮರಳಿ ಹೋಗುತ್ತೇನೆಂದು ಸಾಬೀತು ಮಾಡಬೇಕು. 2024ರ ಜೂನ್‌ನಲ್ಲಿ ಇದರ ಶುಲ್ಕ 80ರಿಂದ 90 ಯೂರೋಗೆ ಏರಿತು. ಅರ್ಜಿ ತಿರಸ್ಕೃತವಾದರೆ ಆ ಹಣ ವಾಪಸು ಬರುವುದಿಲ್ಲ. ಲಂಡನ್ನಿನಲ್ಲಿ ಕೆಲಸದ ವೀಸಾದ ಮೇಲಿರುವ ನಮ್ಮ ಕನ್ನಡದ ಹುಡುಗ ಹುಡುಗಿಯರಿಗೆ ಇದು ಇನ್ನೂ ಚೆನ್ನಾಗಿ ಗೊತ್ತು. ಕಡಲಡಿಯ ಸುರಂಗದಲ್ಲಿ 1994ರಿಂದ ಓಡುತ್ತಿರುವ ಯೂರೋಸ್ಟಾರ್ ರೈಲು ಲಂಡನ್ನಿನಿಂದ ಪ್ಯಾರಿಸ್ಸಿಗೆ ಎರಡೂಕಾಲು ಗಂಟೆಯ ಆಸುಪಾಸಿನಲ್ಲಿ ತಲುಪಿಸುತ್ತದೆ. ಅದೇ ಆಫೀಸಿನ ಬಿಳಿಯ ಸಹೋದ್ಯೋಗಿ ಶನಿವಾರ ಬೆಳಿಗ್ಗೆ ಮನಸ್ಸಾದರೆ ಪ್ಯಾರಿಸ್ಸಿಗೆ ಹೋಗಿ ಊಟ ಮಾಡಿ ಬರುತ್ತಾನೆ. ಅದೇ ಸಂಬಳ, ಅದೇ ತೆರಿಗೆ ಕಟ್ಟುವ ನಮ್ಮವನು ಮತ್ತೆ ವೀಸಾದ ಸಾಲಿಗೆ. ಇಲ್ಲಿ ಬಡವ ಬಲ್ಲಿದನೆಂಬುದೂ ಗೌಣವಾಗಿ, ಹುಟ್ಟಿದ ನೆಲವೇ ಜಾತಿಯಾಗಿಬಿಡುತ್ತದೆ. ಜಾತಿ ಎಂದರೇನೆಂದು ನಮಗೆ ಯಾರೂ ವಿವರಿಸಿ ಹೇಳಬೇಕಾಗಿಲ್ಲ.

ಆದರೆ ಬಿಳಿಯರನ್ನು ಬಯ್ದು ಕೈತೊಳೆದುಕೊಳ್ಳುವ ಮುನ್ನ ನಮ್ಮ ಅಂಗಳವನ್ನು ನೋಡಿಕೊಳ್ಳೋಣ. ರೈಲಿನಲ್ಲಿ ಹೋಗಬಹುದಾದ ಪರದೇಶದ ರಾಜಧಾನಿ ನಮಗೂ ಇದೆ. ಕೊಲ್ಕತ್ತಾದಿಂದ ಢಾಕಾಕ್ಕೆ ರೈಲುದಾರಿ ಸುಮಾರು 375 ಕಿಲೋಮೀಟರ್, ಲಂಡನ್ ಪ್ಯಾರಿಸ್‌ಗಿಂತ ಕಡಿಮೆ. ವಿಭಜನೆಯ ನಂತರವೂ ಈ ದಿಕ್ಕಿನಲ್ಲಿ ರೈಲುಗಳು ಓಡುತ್ತಿದ್ದವು. 1965ರ ಯುದ್ಧದಲ್ಲಿ ನಿಂತವು. ಬಾಂಗ್ಲಾದೇಶ ಹುಟ್ಟಿದ ಮೇಲೂ ಪ್ರಯಾಣಿಕರ ರೈಲು ಮತ್ತೆ ಹೊರಡಲು 2008ರ ಏಪ್ರಿಲ್ 14ರವರೆಗೆ, ಬಂಗಾಳಿಗಳ ಹೊಸ ವರ್ಷದ ದಿನದವರೆಗೆ, ಕಾಯಬೇಕಾಯಿತು. 43 ವರ್ಷ! ಬ್ರಾಟಿಸ್ಲಾವಾದ ಮುಳ್ಳುತಂತಿಗಿಂತ ಇದರ ಆಯುಷ್ಯ ದೊಡ್ಡದು. ಆ ಮೈತ್ರಿ ಎಕ್ಸ್‌ಪ್ರೆಸ್ ಕೂಡ ದಿನದಲ್ಲಿ ಹೋಗಿ ಬರುವ ರೈಲಾಗಿರಲಿಲ್ಲ. ಮೊದಲಿಗೆ ಗಡಿಯ ನಿಲ್ದಾಣಗಳಲ್ಲಿ ಗಂಟಲು ಗಂಟುಗಳೆರಡನ್ನೂ ಬಿಚ್ಚಿ ತೋರಿಸಬೇಕಿತ್ತು. 2017ರಲ್ಲಿ ತಪಾಸಣೆಯನ್ನು ಎರಡು ಕೊನೆಯ ನಿಲ್ದಾಣಗಳಿಗೆ ವರ್ಗಾಯಿಸಿದ ಮೇಲೂ ಪಯಣ ಸುಮಾರು ಒಂಬತ್ತು ಗಂಟೆ. 2024ರ ಜುಲೈಯಲ್ಲಿ ಢಾಕಾದ ಗಲಭೆಗಳ ನಡುವೆ ಅದೂ ನಿಂತಿತು.

ಪಶ್ಚಿಮಕ್ಕೆ ತಿರುಗಿದರೆ ಅಮೃತಸರ ಮತ್ತು ಲಾಹೋರ್. ಲಾಹೋರ್ ದೇಶದ ರಾಜಧಾನಿಯಲ್ಲ ನಿಜ, ಆದರೆ ಪಂಜಾಬಿನ ರಾಜಧಾನಿ, ಉರ್ದು ಸಾಹಿತ್ಯದ ಮನೆ. ಎರಡರ ನಡುವೆ ಸುಮಾರು 50 ಕಿಲೋಮೀಟರ್, ಹೆಚ್ಚುಕಡಿಮೆ ವಿಯೆನ್ನಾ ಬ್ರಾಟಿಸ್ಲಾವಾದಷ್ಟೇ. ವಿಭಜನೆಗೆ ಮುನ್ನ ಬೆಳಿಗ್ಗೆ ಹೋಗಿ ಸಂಜೆ ಮರಳುವುದು ಈ ಊರುಗಳ ಜನರಿಗೆ ದಿನಚರಿ. ಉರ್ದು ಶಾಲೆಯ ಬೆಂಚುಗಳಲ್ಲಿ ಕಲಿತ ನಮಗೆ ಈ ಎರಡು ಊರುಗಳು ಒಂದೇ ಅಂಗಳದ ಎರಡು ಮನೆಗಳಂತೆ ಕಂಡಿದ್ದವು. ಲಾಹೋರಿನಲ್ಲಿ ಮಣ್ಣಾದ ಮಂಟೋ ಬೆಳೆದದ್ದು ಅಮೃತಸರದ ಗಲ್ಲಿಗಳಲ್ಲಿ. ಪಾಕಿಸ್ತಾನದ ಕವಿಯೆಂದು ಹೆಸರಾದ ಫೈಜ್ 1935ರಲ್ಲಿ ಪಾಠ ಹೇಳಲು ಆರಂಭಿಸಿದ್ದು ಅಮೃತಸರದ ಕಾಲೇಜಿನಲ್ಲಿ. 1976ರ ಜುಲೈ 22ರಂದು ಹೊರಟ ಸಂಝೋತಾ ಎಕ್ಸ್‌ಪ್ರೆಸ್ ಮುರಿದ ಆ ಅಂಗಳಕ್ಕೆ ಹಾಕಿದ ಹೊಲಿಗೆಯಾಗಿತ್ತು. 2007ರ ಫೆಬ್ರವರಿಯಲ್ಲಿ ಪಾಣಿಪತ್ ಬಳಿ ಬಾಂಬಿಟ್ಟು ಅದರೊಳಗಿನ 68 ಮಂದಿಯನ್ನು ಸುಟ್ಟರು. ಆಗಲೂ ರೈಲು ಸೇವೆ ಉಳಿಯಿತು. ಅದನ್ನು ನಿಲ್ಲಿಸಿದ್ದು ಬಾಂಬಲ್ಲ, 2019ರ ಆಗಸ್ಟಿನಲ್ಲಿ ಎರಡು ಸರಕಾರಗಳ ಮುನಿಸು.

ನಮ್ಮ ದೇಶದಲ್ಲಿ ಮುಸ್ಲಿಮನಾಗಿ ಬಾಯಿ ತೆರೆದವನಿಗೆ 'ಪಾಕಿಸ್ತಾನಕ್ಕೆ ಹೋಗು' ಎಂಬ ಸಲಹೆ ಉಚಿತವಾಗಿ ಸಿಗುತ್ತದೆ. ಈ ಸಲಹೆ ಕೊಡುವವರೇ ರೈಲು ನಿಂತಾಗ ಚಪ್ಪಾಳೆ ತಟ್ಟಿದರು ಎಂಬುದು ತಮಾಷೆ. ಅವರು ಕೊಡಬಯಸುವುದು ಒಮ್ಮುಖದ ಟಿಕೆಟ್. ನಾವು ಕೇಳುತ್ತಿರುವುದು ಹೋಗಿ ಬರುವ ಟಿಕೆಟ್. ಲಾಹೋರ್ ನೋಡಬೇಕು, ಅನಾರ್ಕಲಿ ಬಜಾರಿನಲ್ಲಿ ಪುಸ್ತಕ ಕೊಳ್ಳಬೇಕು, ರಾತ್ರಿ ಊಟಕ್ಕೆ ಅಮೃತಸರಕ್ಕೆ ಮರಳಬೇಕು. ಲಾಹೋರಿನ ಸಿಖ್ಖನಿಗೆ, ಹಿಂದೂವಿಗೆ, ಮುಸ್ಲಿಮನಿಗೆ ಅಮೃತಸರ ನೋಡಿ ಮರಳಲು ಸಾಧ್ಯವಾಗಬೇಕು. ಇದರಲ್ಲಿ ದೇಶದ್ರೋಹ ಎಲ್ಲಿದೆ? ಮರಳಿ ಬರುತ್ತೇನೆ ಎನ್ನುವವನಷ್ಟು ತನ್ನ ಊರನ್ನು ಒಪ್ಪಿಕೊಂಡವನು ಯಾರು?

ಭದ್ರತೆಯ ಮಾತನ್ನು ನಾವು ಹಗುರವಾಗಿ ಕಾಣುವುದಿಲ್ಲ. 2025ರ ಏಪ್ರಿಲ್‌ನಲ್ಲಿ ಪಹಲ್ಗಾಮ್‌ನಲ್ಲಿ 26 ಮಂದಿಯನ್ನು ಕೊಂದವರು ಮನುಷ್ಯತ್ವದ ವೈರಿಗಳು. ಆದರೆ ಅಂಥವರು ಪಾಸ್‌ಪೋರ್ಟಿಗೆ ಮುದ್ರೆ ಹಾಕಿಸಿಕೊಂಡು, ಚೀಲ ಬಿಚ್ಚಿ ತೋರಿಸಿ, ರೈಲು ಹತ್ತಿ ಬರುವುದಿಲ್ಲ. ಹಾಗೆ ಬರುವವರು ಮಗಳ ಮದುವೆಗೆ ಬಂದ ತಂದೆ, ಅಣ್ಣನ ಮಣ್ಣಿಗೆ ಹೊರಟ ತಂಗಿ, ಹೃದಯದ ಚಿಕಿತ್ಸೆಗೆ ಬಂದ ಮಗು. ಬಾಗಿಲು ಮುಚ್ಚಿದಾಗ ಹೊರಗುಳಿಯುವವರು ಇವರೇ. ಯುರೋಪೂ ಹೆದರಿಕೆಯಿಲ್ಲದ ನಾಡೇನಲ್ಲ. 2022ರ ಸೆಪ್ಟೆಂಬರಿನಲ್ಲಿ ಆಸ್ಟ್ರಿಯಾ ಸ್ಲೋವಾಕಿಯಾದ ಗಡಿಯಲ್ಲಿ ಮತ್ತೆ ತಾತ್ಕಾಲಿಕ ತಪಾಸಣೆ ಹಾಕಿತು. ಆದರೆ ರೈಲನ್ನು ನಿಲ್ಲಿಸಲಿಲ್ಲ. ತಪಾಸಣೆ ಬೇರೆ, ಬಾಗಿಲು ಮುಚ್ಚುವುದು ಬೇರೆ.

ಇದು ನಮ್ಮಲ್ಲಿ ಆಗದ ಮಾತು ಎನ್ನುವವರಿಗೆ ಕರ್ತಾರ್‌ಪುರವನ್ನು ನೆನಪಿಸುತ್ತೇವೆ. ಸಂಝೋತಾ ರೈಲು ನಿಂತ ಮೂರೇ ತಿಂಗಳಲ್ಲಿ, 2019ರ ನವೆಂಬರ್ 9ರಂದು, ಗುರುನಾನಕರ 550ನೆಯ ಜಯಂತಿಯ ಹೊತ್ತಿಗೆ ಅದೇ ಎರಡು ಸರಕಾರಗಳು ಗಡಿಯಲ್ಲಿ ನಾಲ್ಕೂವರೆ ಕಿಲೋಮೀಟರಿನ ದಾರಿಯೊಂದನ್ನು ತೆರೆದವು. ವೀಸಾ ಬೇಡ. ದಿನಕ್ಕೆ 5,000 ಯಾತ್ರಿಕರವರೆಗೆ ಅವಕಾಶ. ಒಂದು ಷರತ್ತು: ಬೆಳಿಗ್ಗೆ ಹೋದವರು ಅದೇ ದಿನ ಮರಳಬೇಕು. ಬೆಳಿಗ್ಗೆ ಹೋಗಿ ಸಂಜೆ ಮರಳುವ ಹಕ್ಕನ್ನು ಮುನಿಸಿನ ತುತ್ತತುದಿಯಲ್ಲಿಯೂ ಕೊಡಬಹುದೆಂದು ನಮ್ಮವರೇ ತೋರಿಸಿಕೊಟ್ಟರು. 2025ರ ಮೇಯಲ್ಲಿ ಭಾರತ ಅದನ್ನು ನಿಲ್ಲಿಸಿತು. ಆದರೆ ಆಗಬಲ್ಲದು ಎಂಬುದನ್ನು ಇನ್ನು ಯಾರೂ ಅಳಿಸಲಾರರು.

ಆದ್ದರಿಂದ ಸಾಹಿತಿ ಮಿತ್ರರಲ್ಲಿ ನಮ್ಮ ವಿನಂತಿ ಇಷ್ಟೆ. ಒಂದು ದಿನದಲ್ಲಿ ರಾಜಧಾನಿ ನೋಡಿ ಬಂದವನನ್ನು ಗೇಲಿ ಮಾಡುವುದನ್ನು ಬಿಡಿ. ಅವನು ಏನೂ ನೋಡದೆ ಬಂದಿದ್ದರೂ ಪರವಾಗಿಲ್ಲ. ಕೇಳಬೇಕಾದ್ದು ಆಳುವವರನ್ನು: ಕೊಲ್ಕತ್ತಾದಿಂದ ಢಾಕಾಕ್ಕೆ ಬೆಳಗಿನ ರೈಲು ಯಾವಾಗ? ಅಮೃತಸರದಿಂದ ಲಾಹೋರಿಗೆ ಯಾವಾಗ? ಮರಳುವ ರೈಲು ಎಷ್ಟು ಗಂಟೆಗೆ?